ಈ ಟ್ಯಾಂಕು ಕಸದಿಂದ ರಸವಲ್ಲ

ಉಳಿದ ಬಿಡಿಭಾಗಗಳಿಂದ ಕಟ್ಟಿದ ಆಟದ ಟ್ಯಾಂಕೊಂದನ್ನು ಯಾರ ಮುಂದಾದರೂ ಇಟ್ಟು ನೋಡಿ. ಊರಿನಿಂದ ಬಂದ ನೆಂಟರು ‘ಕಸದಿಂದ ರಸ ತೆಗೆದಿದ್ದೀಯಲ್ಲ’ ಅನ್ನುತ್ತಾರೆ. ಪಕ್ಕದ ಫ್ಲ್ಯಾಟಿನವರು ‘ಭಾರೀ ಜುಗಾಡ್’ ಎಂದು ತಲೆದೂಗುತ್ತಾರೆ. ಆಟ ಆಡುವವರೇ ಆದರೆ ‘ಫುಲ್ ಕ್ರಿಯೇಟಿವ್’ ಎಂದು ಫೋಟೋ ಹೊಡೆದುಕೊಳ್ಳುತ್ತಾರೆ. ಮೂರೂ ಒಳ್ಳೆಯ ಮನಸ್ಸಿನಿಂದ ಬಂದ ಮಾತುಗಳು, ಮೂರೂ ಟ್ಯಾಂಕನ್ನು ನೋಡದೆ ಆಡಿದ ಮಾತುಗಳು. ಎಷ್ಟು ದುಡ್ಡು ಉಳಿಯಿತು, ಎಷ್ಟು ಜಾಣತನ ಬೇಕಾಯಿತು, ಎಷ್ಟು ಸ್ವಾತಂತ್ರ್ಯ ಸಿಕ್ಕಿತು ಎಂದು ಕಟ್ಟಿದವನ ಬೆನ್ನು ತಟ್ಟುತ್ತವೆಯೇ ಹೊರತು, ಕಟ್ಟಿದ್ದು ಚೆನ್ನಾಗಿದೆಯೇ ಎಂದು ಯಾವುದೂ ಕೇಳುವುದಿಲ್ಲ. ಬರೀ ಹೊಗಳಿಕೆಯಾಗಿದ್ದರೆ ಬಿಟ್ಟುಬಿಡಬಹುದಿತ್ತು. ಮುಂಬೈಯ ಪವಾಯಿಯಲ್ಲಿ ನಾನು ಕಾಣುವ ಮೇಜುಗಳ ಮೇಲೆ ಈಗ ಟ್ಯಾಂಕುಗಳು ಈ ಹೊಗಳಿಕೆಗೆ ಒಗ್ಗುವಂತೆಯೇ ಹುಟ್ಟುತ್ತಿವೆ. ನನ್ನ ತಕರಾರು ಅದು.

ಆಟ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಊಟದ ಮೇಜಿನ ಮೇಲೆ ಹಲಗೆ ಹಾಸಿ, ಥರ್ಮೋಕೋಲಿನ ಗುಡ್ಡ, ರಟ್ಟಿನ ಪಾಳುಮನೆ ಜೋಡಿಸಿ, ಎರಡೂ ಕಡೆ ಒಂದಿಂಚು ಚಿಲ್ಲರೆ ಎತ್ತರದ ಸೈನಿಕರನ್ನು ನಿಲ್ಲಿಸಿ, ಟೇಪು ಹಿಡಿದು ಅಳೆದು ನಡೆಸಿ, ದಾಳ ಉರುಳಿಸಿ ಗುಂಡು ಹಾರಿಸುವುದು ವಾರ್‌ಗೇಮಿಂಗ್. 19ನೇ ಶತಮಾನದ ಆರಂಭದಲ್ಲಿ ಪ್ರಷ್ಯಾದ ಸೇನಾಧಿಕಾರಿಗಳು ಇದನ್ನು ತರಬೇತಿಗೆ ಬಳಸಿದರು. 1913ರಲ್ಲಿ ಎಚ್.ಜಿ. ವೆಲ್ಸ್ ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕ ಬರೆದು ಅದನ್ನು ಮನೆಯ ನೆಲಕ್ಕೆ ಇಳಿಸಿದರು. 1987ರಲ್ಲಿ ಗೇಮ್ಸ್ ವರ್ಕ್‌ಶಾಪ್ ಕಂಪನಿ ಹೊರತಂದ ‘ವಾರ್‌ಹ್ಯಾಮರ್ 40,000’ ಅದನ್ನು ದೂರದ ಭವಿಷ್ಯಕ್ಕೆ ಒಯ್ದಿತು. ದೊಡ್ಡವರು ಆಟಿಕೆ ಇಟ್ಟುಕೊಂಡು ಕೂರುತ್ತಾರೆಂಬ ಕೊಂಕಿಗೆ ಕನ್ನಡಿಗರಂತೂ ಉತ್ತರ ಹುಡುಕಬೇಕಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಒಂದಾದ ಕೌತುಕನಿಧಿ ಆಟಗಳಿಗೇ ಮೀಸಲು.

ಈ ಆಟಕ್ಕೆ ಸೈನಿಕರಂತೆ ಟ್ಯಾಂಕು, ಲಾರಿ, ಕವಚದ ಗಾಡಿಗಳೂ ಬೇಕು. ಡಬ್ಬಿಯಲ್ಲಿ ಬಂದ ಕಿಟ್ಟನ್ನು ಚಿತ್ರದಲ್ಲಿದ್ದಂತೆ ಜೋಡಿಸುವುದು ಒಂದು ದಾರಿ. ಒಂದರ ಒಡಲು, ಇನ್ನೊಂದರ ಗೋಪುರ, ಮತ್ತೊಂದರ ಚಕ್ರ ಸೇರಿಸಿ ಎಲ್ಲೂ ಸಿಗದ ಗಾಡಿಯನ್ನು ಕಟ್ಟುವ ಕಿಟ್‌ಬ್ಯಾಶಿಂಗ್ ಇನ್ನೊಂದು. ಭಾಗಗಳು ಉಳಿಯುವುದೇಕೆ? ಉಕ್ಕಿನ ಅಚ್ಚು ಕೊರೆಯುವುದು ದುಬಾರಿ ಕೆಲಸ. ಒಮ್ಮೆ ಕೊರೆದ ಅಚ್ಚಿನಿಂದ ಒಂದೇ ಟ್ಯಾಂಕಿನ ಹಲವು ಮಾದರಿಗಳನ್ನು ಹೊರಡಿಸಿದರೆ ಮಾತ್ರ ತಯಾರಕನಿಗೆ ಗಿಟ್ಟುತ್ತದೆ. ಹಾಗಾಗಿ ಮೊದಲ ಮಾದರಿ ಕೊಂಡವನಿಗೆ ಎರಡನೆಯದರ ಹ್ಯಾಚು, ಮೂರನೆಯದರ ಫಿರಂಗಿ ಮೂತಿ ಪುಕ್ಕಟೆ ಬರುತ್ತವೆ. ಸೂಚನಾ ಹಾಳೆಯಲ್ಲಿ ಅವುಗಳ ಮೇಲೆ ಬಣ್ಣ ಬಳಿದು, ಇವು ಬೇಡ ಎಂದು ಗುರುತು ಹಾಕಿರುತ್ತಾರೆ. ಹಾಗೆ ಬೇಡವಾದವು ಬಿಸ್ಕತ್ತಿನ ಡಬ್ಬ ಸೇರುತ್ತವೆ.

ಈ ಡಬ್ಬವನ್ನು ಬಡವನ ಬಂಡವಾಳ ಎಂದುಕೊಳ್ಳುವುದರಿಂದ ಮೊದಲ ತಪ್ಪು ಶುರುವಾಗುತ್ತದೆ. ಡಬ್ಬ ತುಂಬಬೇಕಾದರೆ ಅದಕ್ಕೆ ಮೊದಲು ಕಪಾಟು ತುಂಬಿರಬೇಕು. ಆಟಿಕೆಗಳ ಮೇಲಿನ ಆಮದು ಸುಂಕವನ್ನು 2020ರ ಬಜೆಟ್ಟು ಶೇ. 20ರಿಂದ 60ಕ್ಕೆ ಏರಿಸಿತು. 2023ರಲ್ಲಿ ಅದು 70ಕ್ಕೆ ಮುಟ್ಟಿತು. 2021ರ ಜನವರಿಯಿಂದ ಆಟಿಕೆಗಳಿಗೆ ಬಿಐಎಸ್ ಗುರುತೂ ಕಡ್ಡಾಯವಾಯಿತು. ಇಷ್ಟನ್ನೂ ದಾಟಿ ಮುಂಬೈಗೆ ಬರುವ ಜಪಾನಿ ಕಿಟ್ಟಿನ ಬೆಲೆ ನೋಡಿ ಹೌಹಾರದವರು ಕಡಿಮೆ. ಕಿಟ್ಟು ಕೊಳ್ಳಲಾಗದವನ ಮನೆಯಲ್ಲಿ ಕಿಟ್ಟಿನ ಉಳಿಕೆ ಎಲ್ಲಿಂದ ಬಂದೀತು? ಪವಾಯಿಯ ಹೀರಾನಂದಾನಿ ಗಾರ್ಡನ್ಸ್‌ನ ಎತ್ತರದ ಮಹಡಿಗಳಲ್ಲಿ ಕಾಣುವ ಬಿಡಿಭಾಗದ ಡಬ್ಬಗಳು ಚೆಲ್ಲಾಡಿದ ದುಡ್ಡಿನ ಪಳೆಯುಳಿಕೆಗಳು. ಅವುಗಳಿಂದ ಮಾಡಿದ ಟ್ಯಾಂಕಿಗೆ ‘ಖರ್ಚೇ ಇಲ್ಲ’ ಎಂದು ಹೇಳಿಕೊಳ್ಳುವುದು ಮನೆಯವರ ಎದುರು ಒಪ್ಪಿಸಲು ಅನುಕೂಲದ ಲೆಕ್ಕ, ಅಷ್ಟೇ.

ನಿಜವಾದ ಕಸದಿಂದ ಆಟಿಕೆ ಮಾಡುವುದು ಬೇರೆಯೇ ವಿದ್ಯೆ. ಐಐಟಿ ಕಾನ್ಪುರದಲ್ಲಿ ಓದಿ, 2018ರಲ್ಲಿ ಪದ್ಮಶ್ರೀ ಪಡೆದ ಅರವಿಂದ ಗುಪ್ತಾ ಬೆಂಕಿಕಡ್ಡಿಗಳನ್ನು ಸೈಕಲ್ ವಾಲ್ವಿನ ರಬ್ಬರ್ ಕೊಳವೆಗೆ ಸಿಕ್ಕಿಸಿ ಮಕ್ಕಳಿಗೆ ರೇಖಾಗಣಿತ ಕಲಿಸಿದವರು. ಅಲ್ಲಿ ಅಗ್ಗತನ ಉದ್ದೇಶದ ಒಳಗೇ ಇದೆ. ಯಾವ ಹಳ್ಳಿಯ ಮಗುವಾದರೂ ಮಾಡಬೇಕು, ಮಾಡಿದ್ದು ಏನನ್ನಾದರೂ ತೋರಿಸಬೇಕು. ನಮ್ಮ ಟ್ಯಾಂಕಿಗೆ ಈ ಎರಡೂ ಹೊಣೆಯಿಲ್ಲ. ಆ ಗೌರವದಲ್ಲಿ ಪಾಲು ಕೇಳುವುದೂ ತರವಲ್ಲ.

ಜುಗಾಡ್ ಎಂಬ ಶಹಬ್ಬಾಸ್‌ಗಿರಿ ಇನ್ನೂ ಸೂಕ್ಷ್ಮವಾಗಿ ದಾರಿ ತಪ್ಪಿಸುತ್ತದೆ. ಹೇಗಾದರೂ ಸರಿ, ಕೆಲಸ ನಡೆದರೆ ಸಾಕು ಎನ್ನುವವನಿಗೆ ಅದು ಸಲ್ಲುತ್ತದೆ. 1958ರಲ್ಲಿ ಶುರುವಾದ, ಪವಾಯಿ ಕೆರೆಯ ದಂಡೆಯಲ್ಲಿರುವ ಐಐಟಿ ಬಾಂಬೆಯ ಟೆಕ್‌ಫೆಸ್ಟ್‌ಗೆ ಹೋದರೆ ಇದರ ಅಪ್ಪಟ ರೂಪ ನೋಡಬಹುದು. ಅಲ್ಲಿನ ರೋಬೋವಾರ್ ಅಖಾಡದಲ್ಲಿ ಕಬ್ಬಿಣದ ಯಂತ್ರಗಳು ಒಂದನ್ನೊಂದು ಕುಟ್ಟಿ ಚಿಂದಿ ಮಾಡುತ್ತವೆ. ಎಲ್ಲಿಂದ ತಂದ ಮೋಟಾರು, ಯಾವ ಗ್ಯಾರೇಜಿನಲ್ಲಿ ಮಾಡಿಸಿದ ಬೆಸುಗೆ ಎಂದು ಯಾರೂ ಕೇಳುವುದಿಲ್ಲ. ಕೆಟ್ಟ ಬೆಸುಗೆಯನ್ನು ಎದುರಾಳಿಯ ತಿರುಗುವ ಅಲಗೇ ಪತ್ತೆಹಚ್ಚುತ್ತದೆ. ಅಖಾಡ ಇರುವಲ್ಲಿ ಜುಗಾಡ್‌ಗೆ ಮರ್ಯಾದೆ ಇದೆ, ಏಕೆಂದರೆ ಸುಳ್ಳು ಅಲ್ಲಿ ಉಳಿಯುವುದಿಲ್ಲ. ಆಟದ ಮೇಜಿನ ಟ್ಯಾಂಕಿಗೆ ಅಂಥ ಅಖಾಡವಿಲ್ಲ. ಅದು ಓಡಬೇಕಿಲ್ಲ, ಗುಂಡು ಹಾರಿಸಬೇಕಿಲ್ಲ. ದಾಳಕ್ಕೆ ಕಣ್ಣಿಲ್ಲ. ಚೆನ್ನಾಗಿ ಕಟ್ಟಿದ ಟ್ಯಾಂಕಿಗೂ ಸೋಪಿನ ಡಬ್ಬಿಗೂ ಅದು ಒಂದೇ ಆರು ಕೊಡುತ್ತದೆ.

ಹಾಗಾದರೆ ಪರೀಕ್ಷೆ ಮಾಡುವವರು ಯಾರು? ಮೇಜಿನ ಆಚೆ ಕೂತ ಎದುರಾಳಿ. ಮೂರಡಿ ದೂರದಿಂದ ನೋಡಿದ ಅವನಿಗೆ, ಇದು ಏನು, ಎಷ್ಟು ದೊಡ್ಡದು, ಎಲ್ಲಿಂದ ಹೊಡೆಯುತ್ತದೆ, ಒಳಗೆ ಯಾರು ಕೂರುತ್ತಾರೆ ಎನ್ನುವುದು ಕೇಳದೆ ಗೊತ್ತಾಗಬೇಕು. ಆ ಕಣ್ಣಿಗೆ ಉತ್ತರ ಕೊಡುವುದು ಜಾಣತನದ ಕೆಲಸವಲ್ಲ, ಅಳತೆಯ ಕೆಲಸ.

ಹ್ಯಾಚನ್ನೇ ತೆಗೆದುಕೊಳ್ಳಿ, ಟ್ಯಾಂಕಿನ ಮೇಲಿನ ಮುಚ್ಚಳ. ಒಬ್ಬ ಮನುಷ್ಯ ತೂರುವಷ್ಟು, ಸುಮಾರು 50 ಸೆಂಟಿಮೀಟರ್ ಅಗಲದ್ದು ಎಂದಿಟ್ಟುಕೊಳ್ಳೋಣ. ಅಂಗಡಿಯಲ್ಲಿ ಹೆಚ್ಚು ಸಿಗುವ ಟ್ಯಾಂಕ್ ಕಿಟ್ಟು 1:35 ಅಳತೆಯದು, ಅಲ್ಲಿ ಆ ಹ್ಯಾಚು 14 ಮಿಲಿಮೀಟರ್. ಆಟದ ಸೈನಿಕರು 28 ಮಿಲಿಮೀಟರಿನವರು, ಅವರ ಜಗತ್ತು ಹತ್ತಿರಹತ್ತಿರ 1:56. ಅವರ ಟ್ಯಾಂಕಿನ ಮೇಲೆ ಆ 14 ಮಿಲಿಮೀಟರ್ ಹ್ಯಾಚನ್ನು ಅಂಟಿಸಿದ ಕೂಡಲೇ ಅದು 80 ಸೆಂಟಿಮೀಟರಿನ ಬಾಯಾಗುತ್ತದೆ. ಸೈನಿಕ ಅದರಿಂದ ಹೊರಬರುವುದಿಲ್ಲ, ಅದರೊಳಗೆ ಬೀಳುತ್ತಾನೆ. ಏಣಿಯ ಮೆಟ್ಟಿಲು, ಬಾಗಿಲ ಹಿಡಿಕೆ, ಬೋಲ್ಟಿನ ತಲೆ, ಎಲ್ಲಕ್ಕೂ ಇದೇ ಲೆಕ್ಕ. ಕಣ್ಣು ಅಳತೆಪಟ್ಟಿ ಹಿಡಿದು ಕೂರುವುದಿಲ್ಲ ನಿಜ, ಆದರೆ ಮನುಷ್ಯನ ಮೈಗೆ ತಾಗುವ ವಸ್ತುಗಳನ್ನು ಮನುಷ್ಯನ ಮೈಗೆ ಹೋಲಿಸಿಯೇ ನೋಡುತ್ತದೆ. ಎಂಜಿನ್ನಿನ ಜಾಲರಿ, ಇಂಧನದ ಪೀಪಾಯಿ, ಹಿಂಬದಿಯ ಪೆಟ್ಟಿಗೆಗೆ ಈ ಕಾಟವಿಲ್ಲ. ಪೀಪಾಯಿ ಎಷ್ಟು ದೊಡ್ಡದಾದರೂ ಇದ್ದೀತು. ಡಬ್ಬದಿಂದ ಯಾವುದನ್ನು ಎತ್ತಬೇಕು, ಯಾವುದನ್ನು ಮುಟ್ಟಬಾರದು ಎನ್ನುವ ವಿವೇಕ ಇಷ್ಟರಲ್ಲೇ ಇದೆ. ‘ಅಳತೆಗೆ ತಲೆ ಕೆಡಿಸಿಕೊಳ್ಳಬೇಡಿ, ಕಲ್ಪನೆಗೆ ಮಿತಿಯಿಲ್ಲ’ ಎಂದು ಹೊಸಬರಿಗೆ ಉಪದೇಶ ಮಾಡುವವರು ಮೊದಲು ಈ ವಿವೇಕವನ್ನೇ ಕೊಲ್ಲುತ್ತಾರೆ. ಅಂದಹಾಗೆ 1:35 ಎಂಬ ಅಳತೆಗೂ ಯಾವ ಪಾವಿತ್ರ್ಯವಿಲ್ಲ. 1960ರ ದಶಕದ ಆರಂಭದಲ್ಲಿ ಟಮಿಯಾ ಕಂಪನಿ ಮೋಟಾರು ಇರುವ ಪ್ಯಾಂಥರ್ ಟ್ಯಾಂಕಿನ ಕಿಟ್ಟು ಮಾಡಿದಾಗ, ಒಳಗೆ ಬ್ಯಾಟರಿ ಹಿಡಿಯುವಷ್ಟು ಒಡಲು ಬೇಕಾಯಿತು. ಬ್ಯಾಟರಿ ಹೇಳಿದ ಅಳತೆಯನ್ನು ಜಗತ್ತೇ ಪಾಲಿಸಿತು.

ಮಿತಿಯಿಲ್ಲದ ಕಲ್ಪನೆ ಎನ್ನುವ ಈ ಮೂರನೆಯ ಹೊಗಳಿಕೆಯೇ ಎಲ್ಲಕ್ಕಿಂತ ಹೆಚ್ಚು ಕೆಡಿಸಿರುವುದು. ಬೇರೆ ಬೇರೆ ಭಾಗ ಕೂಡಿಸಿ ಗಾಡಿ ಕಟ್ಟುವುದನ್ನು ಹವ್ಯಾಸಿಗಳು ಕಂಡುಹಿಡಿದಿಲ್ಲ. ಸೈನ್ಯಗಳು ಇದನ್ನು ಪ್ರಾಣಭಯದಿಂದ ಮಾಡಿವೆ. ಎರಡನೆಯ ಮಹಾಯುದ್ಧದಲ್ಲಿ ಭಾರತದಲ್ಲೇ ಕವಚದ ಗಾಡಿ ಬೇಕಾದಾಗ ಕೆನಡಾದಿಂದ ಫೋರ್ಡ್ ಚಾಸಿ ಬಂತು, ಟಾಟಾದವರ ಉಕ್ಕಿನ ತಗಡು ಬಂತು, ಟಾಟಾನಗರದ ರೈಲ್ವೆ ಕಾರ್ಯಾಗಾರ ಎರಡನ್ನೂ ಕೂಡಿಸಿತು. ‘ಇಂಡಿಯನ್ ಪ್ಯಾಟರ್ನ್’ ಹೆಸರಿನ ಆ ಗಾಡಿಗಳು 4,600ಕ್ಕೂ ಹೆಚ್ಚು ತಯಾರಾದವು. ಮುಂದೆ ಆವಡಿಯಲ್ಲಿ ತಯಾರಾದ ವಿಜಯಂತ ಟ್ಯಾಂಕಿನ ಒಡಲಿಗೆ ಸೋವಿಯತ್ ಮೂಲದ 130 ಮಿ.ಮೀ. ಎಂ-46 ಫಿರಂಗಿಯನ್ನು ಕೂರಿಸಿ ‘ಕ್ಯಾಟಪಲ್ಟ್’ ಮಾಡಿದರು. ಅದರ ಚಿತ್ರ ಒಮ್ಮೆ ನೋಡಿದವರು ಮರೆಯುವುದಿಲ್ಲ. ಗೋಪುರ ಮಾಯವಾಗಿದೆ. ಅದರ ಜಾಗದಲ್ಲಿ ತೆರೆದ ಅಂಗಳ, ಮೇಲೆ ಬಸ್ ನಿಲ್ದಾಣದ್ದರಂಥ ಚಪ್ಪಟೆ ಮಾಡು. ಏಕೆ? ಅಷ್ಟು ಉದ್ದದ ಫಿರಂಗಿಗೆ ಗುಂಡು ತುಂಬುವವರು ನಿಂತು ಓಡಾಡಬೇಕು, ಅದಕ್ಕೆ ಜಾಗ ಬೇಕು, ಜಾಗಕ್ಕಾಗಿ ಕವಚ ಬಿಟ್ಟುಕೊಡಬೇಕು. 1942ರ ಹೊತ್ತಿಗೆ ಜರ್ಮನರು ವಶಪಡಿಸಿಕೊಂಡ ಫ್ರೆಂಚ್ ಲೊರೇನ್ ಗಾಡಿಗೆ ತಮ್ಮ 75 ಮಿ.ಮೀ. ಫಿರಂಗಿ ಏರಿಸಿ ಮಾರ್ಡರ್ ಮಾಡಿದಾಗಲೂ ಇದೇ ಕಥೆ. ಬಲವಾದ ಫಿರಂಗಿ ಬಂತು, ಸಿಬ್ಬಂದಿಯ ತಲೆ ಮೇಲೆ ಸೂರು ಮಾತ್ರ ಬರಲಿಲ್ಲ.

ನಮ್ಮ ಬೀದಿಗೇ ಬರೋಣ. ಪವಾಯಿಯಲ್ಲಿ ದೊಡ್ಡ ಆವರಣವಿರುವ ಎಲ್ ಆ್ಯಂಡ್ ಟಿ ಕಂಪನಿ ಪಿನಾಕ ರಾಕೆಟ್ ಲಾಂಚರಿನ ತಯಾರಕರಲ್ಲಿ ಒಂದು. ಹನ್ನೆರಡು ರಾಕೆಟ್ಟುಗಳ ಆ ಲಾಂಚರು ಕೂರುವುದು ಬೆಂಗಳೂರಿನ ಬೆಮೆಲ್ ಒದಗಿಸುವ, ಝೆಕ್ ಮೂಲದ ಟಾಟ್ರಾ ಲಾರಿಯ ಮೇಲೆ. ಹಾರಿಸುವ ಮುನ್ನ ಆ ಲಾರಿ ಪಕ್ಕಕ್ಕೆ ಉಕ್ಕಿನ ಕಾಲುಗಳನ್ನು ಚಾಚಿ ನೆಲಕ್ಕೆ ಊರುತ್ತದೆ, ಇಲ್ಲದಿದ್ದರೆ ರಾಕೆಟ್ಟಿನ ಒದೆತಕ್ಕೆ ಗಾಡಿ ಅಲುಗಿ ಗುರಿ ತಪ್ಪುತ್ತದೆ. ಪವಾಯಿಯ ಮೇಜುಗಳ ಮೇಲೆ ರಾಕೆಟ್ ಲಾರಿಗಳಿಗೆ ಬರವಿಲ್ಲ. ಕಾಲು ಚಾಚಿದ ಒಂದನ್ನೂ ನಾನು ಕಂಡಿಲ್ಲ. ಒಂದರ ಬೆನ್ನಿಗೆ ಹದಿನಾರು ಕೊಳವೆ, ಬದಿಗೆ ಜ್ವಾಲೆ ಉಗುಳುವ ನಳಿಕೆ, ಮೂತಿಗೆ ಬುಲ್ಡೋಜರ್ ಅಲಗು, ಎಲ್ಲಕ್ಕೂ ಮೇಲೆ ಇನ್ನೊಂದು ಗೋಪುರ. ಚಾಲಕ ಕೂರುವ ಜಾಗ ಹುಡುಕಿದರೆ ಅಲ್ಲಿ ಗುಂಡಿನ ಪೆಟ್ಟಿಗೆ.

ನಿಜವಾದ ಯುದ್ಧದ ಗಾಡಿಗಳಲ್ಲಿ ಎದ್ದು ಕಾಣುವುದು, ಸೇರಿಸಿದ್ದಕ್ಕೆ ತೆತ್ತ ಬೆಲೆ. ಏನೋ ಒಂದನ್ನು ಕಳೆದುಕೊಂಡೇ ಇನ್ನೊಂದು ಬಂದಿರುತ್ತದೆ, ಆ ನಷ್ಟದ ಗುರುತೇ ಗಾಡಿಗೆ ಮುಖಚಹರೆ ಕೊಡುತ್ತದೆ. ನಮ್ಮ ಮೇಜಿನ ಗಾಡಿಗಳು ಕೂಡುತ್ತವೆ, ಕಳೆಯುವುದೇ ಇಲ್ಲ. ಡಬ್ಬದಲ್ಲಿ ಇದೆಯಲ್ಲ ಎಂಬ ಒಂದೇ ಕಾರಣಕ್ಕೆ ಎಲ್ಲವೂ ಹತ್ತಿ ಕೂರುತ್ತವೆ. ಕಸವನ್ನು ವ್ಯರ್ಥ ಮಾಡಬಾರದೆಂಬ ಭಾವನೆ ಇಲ್ಲಿ ನೇರವಾಗಿ ವಿನ್ಯಾಸವನ್ನು ಹಾಳು ಮಾಡುತ್ತದೆ. ಭಾಗ ಉಳಿಸಬಾರದು ಎಂದು ಹೊರಟವನು ಗಾಡಿ ಉಳಿಸಲಾರ.

ಹೀರಾನಂದಾನಿ ಗಾರ್ಡನ್ಸ್‌ನ ನೆರಳಲ್ಲಿ ಇದನ್ನು ಹೇಳುವಾಗ ಸ್ವಲ್ಪ ನಗು ಬರುತ್ತದೆ. ಹಫೀಜ್ ಕಂಟ್ರಾಕ್ಟರ್ ವಿನ್ಯಾಸಗೊಳಿಸಿದ ಆ ಗೋಪುರಗಳಿಗೆ ಗ್ರೀಕ್ ದೇಗುಲದ ಕಂಬ, ರೋಮನ್ ಕಮಾನು, ನೆತ್ತಿಯ ಮೇಲೆ ಗುಮ್ಮಟ. ಭಾರ ಹೊರುವ ಕೆಲಸವನ್ನು ಒಳಗಿನ ಕಾಂಕ್ರೀಟು ಸದ್ದಿಲ್ಲದೆ ಮಾಡುತ್ತಿರುತ್ತದೆ, ಕಂಬಗಳು ಹೊರಗೆ ನಿಂತು ಹೆಸರು ತೆಗೆದುಕೊಳ್ಳುತ್ತವೆ. ವಾಸಕ್ಕೆ ಅದು ಅಡ್ಡಿಯಲ್ಲ, ಅಲ್ಲಿನ ಮರಗಳ ಸಾಲು ಮುಂಬೈಯ ಮಟ್ಟಿಗೆ ಸುಖವೇ. ಆದರೆ ದಿನವೂ ಏನನ್ನೂ ಹೊರದ ಕಂಬಗಳ ನಡುವೆ ಓಡಾಡುವವರ ಟ್ಯಾಂಕುಗಳಲ್ಲಿ ಎಲ್ಲಿಗೂ ಹೋಗದ ಪೈಪುಗಳು ಕಾಣಿಸಿಕೊಂಡರೆ ಆಶ್ಚರ್ಯಪಡಬೇಕಿಲ್ಲ.

ಈ ಮಾತು ಎತ್ತಿದರೆ ತಿಳಿದವರು ಒಂದು ಬಲವಾದ ಎದುರುವಾದ ಮುಂದಿಡುತ್ತಾರೆ. 1977ರ ‘ಸ್ಟಾರ್ ವಾರ್ಸ್’ ಚಿತ್ರದ ಅಂತರಿಕ್ಷ ನೌಕೆಗಳ ಮೈತುಂಬ ಇರುವುದು ಟ್ಯಾಂಕು, ಹಡಗು, ಕಾರಿನ ಕಿಟ್ಟುಗಳ ತುಂಡುಗಳೇ ಅಲ್ಲವೇ? ಅದಕ್ಕೂ ಮೊದಲು, 1968ರಲ್ಲಿ ಕುಬ್ರಿಕ್‌ನ ‘2001’ ಚಿತ್ರದ ನೌಕೆಗಳಿಗೂ ಕಿಟ್ಟಿನ ಭಾಗ ಅಂಟಿಸಿರಲಿಲ್ಲವೇ? ಆ ತುಂಡುಗಳಿಗೆ ‘ಗ್ರೀಬ್ಲಿ’ ಎಂಬ ಮುದ್ದಿನ ಹೆಸರೂ ಇದೆ, ಯಾವ ಪೈಪು ಎಲ್ಲಿಗೆ ಹೋಗುತ್ತದೆ ಎಂದು ಅಲ್ಲಿ ಯಾರು ಕೇಳಿದರು? ಸರಿ. ಆದರೆ ಆ ಮಾದರಿಕಾರರ ಕೆಲಸವನ್ನು ಸಾವಕಾಶ ನೋಡಬೇಕು. ‘ಸ್ಟಾರ್ ವಾರ್ಸ್’ನ ನೌಕೆ ಮಿಲೇನಿಯಂ ಫಾಲ್ಕನ್ನಿನ ಆಕಾರವನ್ನು ದೂರದಿಂದ ಕಪ್ಪು ನೆರಳಾಗಿ ತೋರಿಸಿದರೂ ಮಕ್ಕಳು ಗುರುತಿಸುತ್ತಾರೆ. ತಟ್ಟೆಯಂಥ ಒಡಲು, ಮುಂದೆ ಚಾಚಿದ ಎರಡು ಕೋರೆ, ಒಂದು ಪಕ್ಕಕ್ಕೆ ಜೋತ ಚಾಲಕನ ಗೂಡು. ಆಕಾರ ಮೊದಲು ನಿರ್ಧಾರವಾಗಿತ್ತು, ತುಂಡುಗಳು ಆಮೇಲೆ ಬಂದವು. ನಯವಾದ ಬಯಲನ್ನೂ ಉಳಿಸಿಕೊಂಡು, ಬಯಲಿನ ನಡುವಿನ ಸಂದಿಗಳಲ್ಲಿ ತುಂಡುಗಳನ್ನು ಒತ್ತಾಗಿ ಜೋಡಿಸಿದರು. ಹತ್ತಿರ ಹೋದ ಕ್ಯಾಮೆರಾಗೆ ಸಣ್ಣ ವಿವರಗಳು ದೊಡ್ಡ ನೌಕೆಯ ಭ್ರಮೆ ಹುಟ್ಟಿಸಬೇಕಿತ್ತು. ನಮ್ಮಲ್ಲಿ ತುಂಡುಗಳು ಮೊದಲು ಬರುತ್ತವೆ, ಆಕಾರ ತಾನಾಗಿ ಬರಲಿ ಎಂದು ಕಾಯುತ್ತೇವೆ. ಬರುವುದಿಲ್ಲ. ಉತ್ತರ ಕರ್ನಾಟಕದ ಅಜ್ಜಿಯರು ಹಳೆ ಸೀರೆಯ ಚೂರುಗಳಿಂದ ಕೌದಿ ಹೊಲಿಯುವಾಗಲೂ ಕೆಳಗೊಂದು ಇಡೀ ಬಟ್ಟೆ ಹಾಸಿ, ಅಂಚಿನಿಂದ ಒಳಕ್ಕೆ ಸಾಲುಹೊಲಿಗೆ ಹಾಕುತ್ತಾ ಬರುತ್ತಾರೆ; ಚೂರು ಕೈಗೆ ಸಿಕ್ಕಿತೆಂದು ನಡುವೆ ಹಚ್ಚುವುದಿಲ್ಲ.

ಅಂಟಿನ ಬಗ್ಗೆಯೂ ಇದೇ ಧಾಟಿಯ ಅಸಡ್ಡೆ ಇದೆ. ‘ಸೂಪರ್ ಗ್ಲೂ ಹಾಕಿದರೆ ಏನು ಬೇಕಾದರೂ ಹಿಡಿಯುತ್ತದೆ’ ಎನ್ನುವವರು ಈ ಕೆಲಸದ ಅರ್ಧ ರುಚಿಯನ್ನೇ ಕಳೆದುಕೊಂಡಿದ್ದಾರೆ. ಕಿಟ್ಟಿನ ಪ್ಲಾಸ್ಟಿಕ್ಕು ಪಾಲಿಸ್ಟೈರೀನ್. ತೆಳು ಸಿಮೆಂಟೆಂದು ಮಾರುವ ದ್ರಾವಣ, ಅಸಿಟೋನು ಮತ್ತು ಬ್ಯೂಟೈಲ್ ಅಸಿಟೇಟಿನಂಥವು, ಅಂಟುವುದಿಲ್ಲ, ಕರಗಿಸುತ್ತದೆ. ಎರಡು ಅಂಚುಗಳನ್ನು ಒತ್ತಿ ಹಿಡಿದು ಕುಂಚದ ತುದಿಯನ್ನು ಸಂದಿಗೆ ಮುಟ್ಟಿಸಿದರೆ ಸಾಕು, ದ್ರಾವಣ ತಾನೇ ಸಂದಿನುದ್ದಕ್ಕೂ ಓಡುತ್ತದೆ. ಸ್ವಲ್ಪ ಹೊತ್ತಿಗೆ ಮೆತ್ತಗಾದ ಪ್ಲಾಸ್ಟಿಕ್ಕು ಕೂದಲೆಳೆಯಷ್ಟು ಉಬ್ಬಿ ಹೊರಬರುತ್ತದೆ, ಮರುದಿನ ಆ ಉಬ್ಬನ್ನು ಬ್ಲೇಡಿನಿಂದ ಕೆರೆದರೆ ಜೋಡಣೆಯ ಗೆರೆಯೇ ಕಾಣುವುದಿಲ್ಲ. ಇದು ಬೆಸುಗೆ. ಎರಡು ಕಂಪನಿಗಳ, ಎರಡು ದೇಶಗಳ ಟ್ಯಾಂಕುಗಳು ಒಂದೇ ವಸ್ತುವಾಗಿರುತ್ತವೆ. ಶಾಂಪೂ ಬಾಟಲಿಯ ಮುಚ್ಚಳಕ್ಕೆ ಈ ಭಾಗ್ಯವಿಲ್ಲ. ಪಾಲಿಪ್ರೊಪಿಲೀನು ದ್ರಾವಣಕ್ಕೂ ಜಗ್ಗುವುದಿಲ್ಲ, ಅಂಟನ್ನೂ ಸರಿಯಾಗಿ ಹಿಡಿಯುವುದಿಲ್ಲ. ಮುಚ್ಚಳದ ಗೋಪುರಗಳು ಒಂದು ದಿನ ಬಣ್ಣದ ಸಮೇತ ಉದುರುವುದು ಅದಕ್ಕೇ. ಬೇಕಲೈಟಿನಂಥದ್ದಂತೂ ಒಮ್ಮೆ ಗಟ್ಟಿಯಾಯಿತೆಂದರೆ ಮತ್ತೆ ಕರಗುವ ಮಾತೇ ಇಲ್ಲ. ಮುಂಬೈಯ ಕನ್ನಡ ಲೇಖಕರಲ್ಲಿ ಇದನ್ನು ಅಧಿಕಾರವಾಣಿಯಿಂದ ಹೇಳಬಲ್ಲವರಾಗಿದ್ದವರು ಯಶವಂತ ಚಿತ್ತಾಲರು. ಅವರು ಪಾಲಿಮರ್ ತಂತ್ರಜ್ಞರಾಗಿ ಬೇಕಲೈಟ್ ಹೈಲಂ ಕಂಪನಿಯಲ್ಲಿ ಕೆಲಸ ಮಾಡಿದವರು. 1979ರ ‘ಶಿಕಾರಿ’ ಕಾದಂಬರಿಯ ಕಾರ್ಪೊರೇಟ್ ಜಗತ್ತು ಅವರಿಗೆ ಹೊರಗಿನಿಂದ ಕಂಡದ್ದಾಗಿರಲಿಲ್ಲ. ಯಾವ ವಸ್ತು ಯಾವುದರೊಡನೆ ಕೂಡುತ್ತದೆ ಎಂಬ ತಿಳಿವಳಿಕೆ ಇಲ್ಲದೆ ‘ಏನಿದ್ದರೂ ಸೇರಿಸು’ ಎನ್ನುವುದು ಸ್ವಾತಂತ್ರ್ಯವಲ್ಲ, ಮುಂದಿನ ಮಳೆಗಾಲದವರೆಗಿನ ಸಾಲ. ಮುಂಬೈಯ ಮಳೆಗಾಲವೂ ಸಾಮಾನ್ಯದ ತೀರ್ಪುಗಾರನಲ್ಲ. ಜುಲೈಯಲ್ಲಿ ಮ್ಯಾಟ್ ವಾರ್ನಿಷ್ ಸಿಂಪಡಿಸಿದರೆ ಗಾಳಿಯ ತೇವ ಅದರೊಳಗೆ ಸಿಕ್ಕಿಕೊಂಡು ಇಡೀ ಟ್ಯಾಂಕು ಬೂಷ್ಟು ಹಿಡಿದಂತೆ ಬೆಳ್ಳಗಾಗುತ್ತದೆ.

ಇನ್ನು ಕಂಪನಿಗಳು ಕಲ್ಪನೆಯ ಕತ್ತು ಹಿಸುಕಿದವೆಂಬ ದೂರು. ಇದರಲ್ಲಿ ಅರ್ಧ ಸತ್ಯವಿದೆ. ‘ವಾರ್‌ಹ್ಯಾಮರ್ 40,000’ ಹುಟ್ಟಿದ ಹೊಸದರಲ್ಲಿ, ಡಿಯೋಡರೆಂಟಿನ ಡಬ್ಬಿಯಿಂದ ತೇಲುವ ಟ್ಯಾಂಕು ಮಾಡುವ ಬಗೆಯನ್ನು ಕಂಪನಿಯ ಸ್ವಂತ ಪತ್ರಿಕೆ ‘ವೈಟ್ ಡ್ವಾರ್ಫ್’ ತಾನೇ ತೋರಿಸಿಕೊಟ್ಟಿತ್ತು. ಮುಂದೆ ಅದೇ ಕಂಪನಿ, ತನ್ನ ಮಾದರಿಗಳಿಗೆ ಹೆಚ್ಚುವರಿ ಭಾಗ ಮಾಡಿ ಮಾರುತ್ತಿದ್ದ ಚಾಪ್ಟರ್‌ಹೌಸ್ ಎಂಬ ಪುಟ್ಟ ಸಂಸ್ಥೆಯನ್ನು 2010ರಲ್ಲಿ ಅಮೆರಿಕದ ಕೋರ್ಟಿಗೆ ಎಳೆಯಿತು. 2013ರ ತೀರ್ಪಿನಲ್ಲಿ ಎರಡೂ ಕಡೆ ಗೆದ್ದವು, ಎರಡೂ ಸೋತವು. ಆಮೇಲಿನ ನಿಯಮ ಪುಸ್ತಕಗಳಲ್ಲಿ ಪೆಟ್ಟಿಗೆಯೊಳಗಿಲ್ಲದ ಆಯುಧಕ್ಕೆ ಜಾಗ ಕುಗ್ಗುತ್ತಾ ಬಂತು. ವ್ಯಾಪಾರದ ಸಣ್ಣತನ ಅದರಲ್ಲಿದೆ, ಇಲ್ಲವೆನ್ನಲಾರೆ. ಆದರೆ ಕಂಪನಿಯನ್ನು ಬೈದು ಮುಗಿಸಿದ ಮೇಲೆ ಎದುರಾಳಿಯ ಕಡೆಗೂ ಒಮ್ಮೆ ತಿರುಗಬೇಕು. ಹಲವು ಆಟಗಳಲ್ಲಿ ಹೊಡೆಯಬಹುದೋ ಇಲ್ಲವೋ ಎಂಬುದು, ಸೈನಿಕನ ಎತ್ತರಕ್ಕೆ ಬಗ್ಗಿ ನೋಡಿದಾಗ ಗುರಿ ಕಣ್ಣಿಗೆ ಬೀಳುತ್ತದೋ ಇಲ್ಲವೋ ಎಂಬುದರ ಮೇಲೆ ನಿಂತಿದೆ. ನಾನು ನನ್ನ ಟ್ಯಾಂಕನ್ನು ಅರ್ಧ ಇಂಚು ತಗ್ಗಿಸಿದರೆ ಅದು ಗೋಡೆಯ ಹಿಂದೆ ಅಡಗುತ್ತದೆ. ಕೊಳವೆಯನ್ನು ಅರ್ಧ ಇಂಚು ಎತ್ತರಿಸಿದರೆ ಗೋಡೆಯ ಮೇಲಿನಿಂದ ಹೊಡೆಯುತ್ತದೆ. ಕ್ರಿಯೇಟಿವ್ ಎನ್ನುವ ಹೊದಿಕೆಯಡಿ ಇದು ಮೋಸ. ಆಡುವ ಮೊದಲು ‘ಇದನ್ನು ಅದು ಅಂದ್ಕೊಳ್ಳಿ, ಆ ಪೈಪು ಲೇಸರು ಅಂದ್ಕೊಳ್ಳಿ, ಈ ಎರಡನ್ನು ಲೆಕ್ಕಕ್ಕೆ ಹಿಡೀಬೇಡಿ’ ಎಂದು ಹತ್ತು ನಿಮಿಷ ವಿವರಿಸುವ ಗಾಡಿ ಎಷ್ಟು ಚೆಂದವಿದ್ದರೂ ಅರ್ಧಕ್ಕೆ ನಿಂತ ಗಾಡಿ. ಕಲ್ಪಿಸಿಕೊಳ್ಳುವ ಹೊರೆಯನ್ನು ಅದು ಎದುರು ಕೂತವನ ತಲೆಗೆ ದಾಟಿಸಿದೆ.

ಥ್ರೀಡಿ ಪ್ರಿಂಟರ್ ಬಂದ ಮೇಲೆ ಇದೆಲ್ಲ ಹಳೆಯ ಜಗಳ ಎನ್ನುವವರಿದ್ದಾರೆ. ಅಳತೆಯ ಸಮಸ್ಯೆಯನ್ನು ಪ್ರಿಂಟರ್ ನಿಜಕ್ಕೂ ಬಗೆಹರಿಸುತ್ತದೆ, ಹ್ಯಾಚನ್ನು ಬೇಕಾದಷ್ಟಕ್ಕೆ ಕುಗ್ಗಿಸಬಹುದು. ಅತಿಯಾಸೆಯ ಸಮಸ್ಯೆಯನ್ನು ಅದು ನೂರ್ಮಡಿ ಮಾಡುತ್ತದೆ. ಡಬ್ಬದಲ್ಲಿ ಎರಡೇ ಮಷಿನ್‌ಗನ್ನು ಉಳಿದಿದ್ದಾಗ ಎರಡಕ್ಕೆ ನಿಲ್ಲಲೇಬೇಕಿತ್ತು. ಪ್ರಿಂಟರಿಗೆ ಹಾಗೆ ಮುಗಿಯುವ ಡಬ್ಬವಿಲ್ಲ.

ಪವಾಯಿ ಪಕ್ಕದ ಚಾಂದಿವಲಿಯ ಒಂದು ಮನೆಯಲ್ಲಿ ನೋಡಿದ ಗಾಡಿಯೊಂದು ಇದಕ್ಕೆಲ್ಲ ತದ್ವಿರುದ್ಧವಾಗಿತ್ತು. ಕಟ್ಟಿದ ಹುಡುಗಿ ಹಳೆ ಸೋವಿಯತ್ ಟ್ಯಾಂಕಿನ 1:48 ಒಡಲೊಂದನ್ನು ತೆಗೆದುಕೊಂಡು ಗೋಪುರವನ್ನು ಬದಿಗಿಟ್ಟಿದ್ದಳು. ಗೋಪುರ ಕೂರುವ ದುಂಡು ಕಂಡಿಗೆ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಮುಚ್ಚಿ, ಅಂಚಿಗೆ ಒತ್ತಾಗಿ ಬೋಲ್ಟಿನ ತಲೆಗಳನ್ನು ಕೂರಿಸಿದ್ದಳು. ಅಲ್ಲಿ ಮೊದಲು ಏನಿತ್ತು, ಈಗ ಏನಿಲ್ಲ ಎಂಬುದು ಆ ಬೋಲ್ಟುಗಳಿಂದಲೇ ಗೊತ್ತಾಗುತ್ತಿತ್ತು. ಮುಂದೆ ಲಾರಿ ಕಿಟ್ಟಿನ ಒಂದು ವಿಂಚು, ಪಕ್ಕದಲ್ಲಿ ಮಡಚಿಟ್ಟ ಕ್ರೇನಿನ ತೋಳು, ಹಿಂದೆ ನೆಲಕ್ಕೆ ಊರುವ ಅಲಗು. ಆಯುಧ ಒಂದೂ ಇಲ್ಲ. ಬಣ್ಣವೂ ಮಂಕು ಹಸಿರು, ಹಗ್ಗ ಉಜ್ಜಿದ ಕಡೆ ಮಾತ್ರ ಉಕ್ಕಿನ ಹೊಳಪು. ಎದುರಾಳಿ ಟೇಪು ಕೆಳಗಿಟ್ಟು ನೋಡಿದ, ‘ಕೆಟ್ಟ ಟ್ಯಾಂಕು ಎಳೆಯೋದಾ?’ ಅಂದ. ಅಷ್ಟೇ ಮಾತು. ಆಟದ ಪುಸ್ತಕದಲ್ಲಿ ಅಂಥ ಗಾಡಿಗೆ ನಿಯಮ ಇರಲಿಲ್ಲ, ಇಬ್ಬರೂ ಸೇರಿ ಅಲ್ಲೇ ಎರಡು ಸಾಲಿನ ನಿಯಮ ಬರೆದುಕೊಂಡರು. ಸಂಜೆಯೊಳಗೆ ಅದು ಎರಡು ಟ್ಯಾಂಕುಗಳನ್ನು ಎಳೆದು ಹಿಂದಕ್ಕೆ ತಂದಿತು, ಮೂರನೆಯದಕ್ಕೆ ಹಗ್ಗ ಕಟ್ಟುವಷ್ಟರಲ್ಲಿ ಹೊಡೆಸಿಕೊಂಡಿತು.